ಸಕ್ಕರೆ ಸರಪಳಿ ಓದಲು ಅಥೆನ್ಸ್‌ಗೆ: ಸಿಸಿಆರ್‌ಸಿ ತರಬೇತಿಗೆ ಹೊರಡುವವರ ಕೈಪಿಡಿ

‘ಸರ್, ಸಿಸಿಆರ್‌ಸಿ ಕೋರ್ಸ್‌ಗೆ ಸೇರಬೇಕು. ಏನು ಓದಿಕೊಂಡು ಹೋಗಲಿ? ಸ್ಯಾಂಪಲ್ ತೆಗೆದುಕೊಂಡು ಹೋಗಬಹುದಾ? ಹೋಗದೆ ಇಲ್ಲಿಂದಲೇ ಕಳಿಸಿದರೆ ಆಗುತ್ತಾ?’ ಈ ಮೂರು ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತವೆ. ಪಿಎಚ್‌ಡಿ ವಿದ್ಯಾರ್ಥಿಗಳು ಕೇಳುತ್ತಾರೆ, ಔಷಧ ಕಂಪನಿಗಳ ಲ್ಯಾಬ್‌ನವರು ಕೇಳುತ್ತಾರೆ, ಸಸ್ಯವಿಜ್ಞಾನದ ಮೇಷ್ಟ್ರುಗಳೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಅರ್ಧರ್ಧ ಉತ್ತರ ಬರೆದು ಸಾಕಾಗಿ, ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಮೊದಲು ಇದು ಯಾವ ಕೇಂದ್ರ ಎನ್ನುವುದು ಸ್ಪಷ್ಟವಾಗಲಿ. ಪೂರ್ತಿ ಹೆಸರು ಕಾಂಪ್ಲೆಕ್ಸ್ ಕಾರ್ಬೋಹೈಡ್ರೇಟ್ ರಿಸರ್ಚ್ ಸೆಂಟರ್. ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಊರಿನಲ್ಲಿರುವ ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಪೀಟರ್ ಆಲ್ಬರ್ಶೈಮ್ ಮತ್ತು ಆಲನ್ ಡಾರ್ವಿಲ್ ಎಂಬ ಇಬ್ಬರು ವಿಜ್ಞಾನಿಗಳು ಕೊಲರಾಡೊದಿಂದ ಇಲ್ಲಿಗೆ ಬಂದು 1985ರಲ್ಲಿ ಕಟ್ಟಿದರು. ಇಬ್ಬರೂ ಸಸ್ಯಕೋಶದ ಗೋಡೆಯಲ್ಲಿರುವ ಸಕ್ಕರೆಗಳ ಹಿಂದೆ ಬಿದ್ದವರು. ಈಗ ಅದೇ ಸೂರಿನಡಿ ಸಸ್ಯ, ಸೂಕ್ಷ್ಮಜೀವಿ, ಮನುಷ್ಯ ಎಲ್ಲರ ಸಕ್ಕರೆಗಳೂ ಅಧ್ಯಯನವಾಗುತ್ತವೆ. ಹೆಸರು ನೋಡಿ ಗೊಂದಲವಾಗುವವರಿದ್ದಾರೆ. ಇದು ಗ್ರೀಸ್‌ನ ಅಥೆನ್ಸ್ ಅಲ್ಲ. ಜಾರ್ಜಿಯಾ ಟೆಕ್ ಮತ್ತು ಜಾರ್ಜಿಯಾ ಸ್ಟೇಟ್ ಎಂಬ ಅಟ್ಲಾಂಟಾದ ವಿಶ್ವವಿದ್ಯಾಲಯಗಳೂ ಬೇರೆಯೇ. ಅರ್ಜಿಯಲ್ಲಿ ಈ ಹೆಸರು ತಪ್ಪಿ ಬರೆದವರನ್ನು ಕಂಡಿದ್ದೇನೆ, ಅದಕ್ಕೇ ಹೇಳಿದೆ.

ಇಷ್ಟಕ್ಕೂ ಸಕ್ಕರೆಗೆ ಪ್ರತ್ಯೇಕ ತರಬೇತಿ ಏಕೆ? ಡಿಎನ್‌ಎಯ ನಾಲ್ಕು ಅಕ್ಷರಗಳನ್ನು ಆರರ ಉದ್ದಕ್ಕೆ ಜೋಡಿಸಿ 4,096 ಬಗೆಯ ಸರಪಳಿ ಮಾಡಬಹುದು. ಆರು ಅಮೈನೋ ಆಮ್ಲಗಳಿಂದ 6.4 ಕೋಟಿ. ಆರು ಸಕ್ಕರೆಗಳಿಂದಲೋ, 1994ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಒಂದು ಲಕ್ಷ ಕೋಟಿಗೂ ಹೆಚ್ಚು. ಸಕ್ಕರೆಗಳು ಹಲವು ಕಡೆಯಿಂದ ಕೈ ಹಿಡಿಯಬಲ್ಲವು, ಕವಲೊಡೆಯಬಲ್ಲವು. ಒಂದೇ ಕೊಂಡಿ ಆಲ್ಫಾ, ಬೀಟಾ ಎಂದು ಎರಡು ದಿಕ್ಕಿಗೆ ತಿರುಗಬಲ್ಲದು. ಸಾಲದ್ದಕ್ಕೆ, ಅವನ್ನು ಕಟ್ಟಲು ಡಿಎನ್‌ಎಗೆ ಇರುವಂಥ ಅಚ್ಚು ಇಲ್ಲ. ಆದ್ದರಿಂದ ಪಿಸಿಆರ್‌ನಂತೆ ಪ್ರತಿ ತೆಗೆದು ಹೆಚ್ಚಿಸಿಕೊಳ್ಳಲೂ ಆಗದು. ಇದ್ದಷ್ಟು ಸ್ಯಾಂಪಲ್‌ನಲ್ಲೇ ಕೆಲಸ ಮುಗಿಸಬೇಕು. ಒಂದೇ ಯಂತ್ರ ಪೂರ್ತಿ ಉತ್ತರ ಕೊಡುವುದಿಲ್ಲ, ನಾಲ್ಕಾರು ವಿಧಾನಗಳ ಸಾಕ್ಷ್ಯ ಸೇರಿಸಿ ರಚನೆ ಹೇಳಬೇಕು.

1. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಅರ್ಜಿ ತೆರೆಯುವ ಮುಂಚೆ ಈ ಕೆಲಸ ಮಾಡಿ. ‘ನನ್ನ ಪಾಲಿಸ್ಯಾಕರೈಡ್‌ನ ರಚನೆ ತಿಳಿಯಬೇಕು’ ಎನ್ನುವುದು ಪ್ರಶ್ನೆಯಲ್ಲ, ಆಸೆ. (ಪಾಲಿಸ್ಯಾಕರೈಡ್ ಎಂದರೆ ಹಲವು ಸಕ್ಕರೆ ಘಟಕಗಳು ಸೇರಿದ ಉದ್ದ ಸರಪಳಿ.) ‘ಈ ಎರಡು ತಳಿಗಳ ಕೋಶಗೋಡೆಯಲ್ಲಿ ಜೈಲೋಸ್ ಪ್ರಮಾಣ ಬೇರೆಯೇ?’, ‘ಈ ಪ್ರತಿಕಾಯದ ಮೇಲಿನ ಗ್ಲೈಕನ್‌ನಲ್ಲಿ ಫ್ಯುಕೋಸ್ ಇದೆಯೇ?’ — ಇವು ಪ್ರಶ್ನೆಗಳು. (ಜೈಲೋಸ್, ಫ್ಯುಕೋಸ್ ಎರಡೂ ಸಕ್ಕರೆಗಳ ಹೆಸರು.) ಪ್ರೋಟೀನ್ ಅಥವಾ ಕೊಬ್ಬಿಗೆ ಅಂಟಿಕೊಂಡ ಸಕ್ಕರೆ ಸರಪಳಿಯನ್ನು ಗ್ಲೈಕನ್ ಎನ್ನುತ್ತೇವೆ. ರಕ್ತದ ಎ ಮತ್ತು ಬಿ ಗುಂಪುಗಳ ನಡುವಿನ ವ್ಯತ್ಯಾಸವೂ ಅಂಥ ಸರಪಳಿಯ ತುದಿಯ ಒಂದೇ ಒಂದು ಸಕ್ಕರೆಯದು: ಎ ಗುಂಪಿನಲ್ಲಿ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್, ಬಿ ಗುಂಪಿನಲ್ಲಿ ಗ್ಯಾಲಕ್ಟೋಸ್. ಪ್ರಶ್ನೆ ಅಷ್ಟು ಸಣ್ಣದಾಗಿದ್ದರೂ ಪರವಾಗಿಲ್ಲ, ಉತ್ತರ ದೊಡ್ಡದಿರಬಹುದು.

2. ಹೋಗುವುದೋ, ಕಳಿಸುವುದೋ

ಕೇಂದ್ರದ ಬಾಗಿಲಿಗೆ ನಾಲ್ಕು ದಾರಿ.

ಮೊದಲನೆಯದು ಅಲ್ಲಿನ ಬೇಸಿಗೆಯಲ್ಲಿ ನಡೆಯುವ ಕಿರು ಕೋರ್ಸ್‌ಗಳು. ವಿಷಯವಾರು, ಕೆಲವೇ ದಿನಗಳವು. ಬೆಳಗ್ಗೆ ಪಾಠ, ಆಮೇಲೆ ಬೆಂಚ್ ಮೇಲೆ ನೀವೇ ಕೈಯಾರೆ ಮಾಡುವುದು ಎಂಬ ರೀತಿ. ನಿಮ್ಮ ಲ್ಯಾಬ್‌ನಲ್ಲಿ ಮುಂದೆಯೂ ಇದೇ ಕೆಲಸ ನಡೆಯಬೇಕೆಂದಿದ್ದರೆ ಇದು ಸರಿಯಾದ ದಾರಿ.

ಎರಡನೆಯದು ವಿಶ್ಲೇಷಣಾ ಸೇವೆ. ಶುಲ್ಕ ಕಟ್ಟಿ ಸ್ಯಾಂಪಲ್ ಕಳಿಸಿದರೆ ಅಲ್ಲಿನ ತಂಡ ವಿಶ್ಲೇಷಿಸಿ ವರದಿ ಕೊಡುತ್ತದೆ. ನಿಮ್ಮ ಬಳಿ ಮೂರೇ ಸ್ಯಾಂಪಲ್ ಇದ್ದು ಮತ್ತೆಂದೂ ಈ ಕೆಲಸ ಮಾಡುವುದಿಲ್ಲವಾದರೆ ಪ್ರಯಾಣದ ಖರ್ಚು ವ್ಯರ್ಥ, ಕಳಿಸಿಬಿಡಿ. ಕೋರ್ಸ್ ಬೇಕೆಂದು ಬರೆಯುವವರಲ್ಲಿ ಅರ್ಧ ಜನಕ್ಕೆ ನಿಜವಾಗಿ ಬೇಕಿರುವುದು ಇದೇ ಎಂದು ನನ್ನ ಅನಿಸಿಕೆ.

ಮೂರನೆಯದು ಗ್ಲೈಕೋಎಂಐಪಿ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣದಿಂದ 2020ರಲ್ಲಿ ಆರಂಭವಾದ ಈ ಯೋಜನೆಯನ್ನು ವರ್ಜೀನಿಯಾ ಟೆಕ್ ಮುನ್ನಡೆಸುತ್ತದೆ, ಸಿಸಿಆರ್‌ಸಿ ಪಾಲುದಾರ. ಸಕ್ಕರೆಗಳಿಂದ ಹೊಸ ವಸ್ತುಗಳನ್ನು ತಯಾರಿಸುವ ಸಂಶೋಧನೆಗೆ ಹೊರಗಿನವರೂ ಪ್ರಸ್ತಾವ ಸಲ್ಲಿಸಬಹುದು. ಅರ್ಹತೆ, ಶುಲ್ಕ ಎರಡನ್ನೂ ಆ ವರ್ಷದ ಪ್ರಕಟಣೆಯಲ್ಲೇ ನೋಡಿ.

ನಾಲ್ಕನೆಯದು ಪಿಎಚ್‌ಡಿ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ: ಪದವಿ ಕೊಡುವುದು ಕೇಂದ್ರವಲ್ಲ, ವಿಶ್ವವಿದ್ಯಾಲಯದ ವಿಭಾಗಗಳು. ಕೇಂದ್ರದ ಪ್ರಾಧ್ಯಾಪಕರು ಜೀವರಸಾಯನ, ರಸಾಯನ, ಸಸ್ಯವಿಜ್ಞಾನದಂಥ ವಿಭಾಗಗಳಿಗೂ ಸೇರಿರುತ್ತಾರೆ. ಅರ್ಜಿ ಹೋಗಬೇಕಾದ್ದು ಅಲ್ಲಿಗೆ. ಇನ್ನೊಂದು ವಿಷಯ. ಗ್ಲೈಕೋಸೈನ್ಸ್‌ಗೆಂದೇ (ಸಕ್ಕರೆ ಸರಪಳಿಗಳ ವಿಜ್ಞಾನ) ಟಿ32 ಎಂಬ ತರಬೇತಿ ಅನುದಾನವಿದೆ ಎಂದು ಓದಿ ಹಲವರು ಆಸೆಪಡುತ್ತಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ (ಎನ್‌ಐಎಚ್) ಕೊಡುವ ಆ ಬಗೆಯ ಅನುದಾನದಿಂದ ಸಂಭಾವನೆ ಪಡೆಯಲು ಅಮೆರಿಕದ ಪ್ರಜೆಯಾಗಿರಬೇಕು ಅಥವಾ ಅಲ್ಲಿನ ಕಾಯಂ ನಿವಾಸಿಯಾಗಿರಬೇಕು. ವಿದ್ಯಾರ್ಥಿ ವೀಸಾದವರಿಗೆ ಸಿಗುವುದಿಲ್ಲ. ಅವರಿಗೆ ವಿಭಾಗದ ಸಹಾಯಕ ಹುದ್ದೆ, ಪ್ರಾಧ್ಯಾಪಕರ ಸಂಶೋಧನಾ ಹಣ, ಇವೇ ದಾರಿ.

3. ಯಾವ ವಿಧಾನ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

ಕೋರ್ಸ್ ಆರಿಸಲು ಇಷ್ಟು ಗೊತ್ತಿರಲೇಬೇಕು.

ಸಂಯೋಜನೆ ವಿಶ್ಲೇಷಣೆ: ಯಾವ ಯಾವ ಸಕ್ಕರೆ, ಎಷ್ಟೆಷ್ಟು ಎಂಬ ಪಟ್ಟಿ. ಸರಪಳಿಯನ್ನು ಆಮ್ಲದಲ್ಲಿ ತುಂಡರಿಸಿ, ಆವಿಯಾಗುವ ರೂಪಕ್ಕೆ ತಂದು ಜಿಸಿ-ಎಂಎಸ್ ಯಂತ್ರಕ್ಕೆ ಕೊಡುತ್ತಾರೆ. ಆವಿಯಾದ ಪದಾರ್ಥಗಳನ್ನು ಬೇರ್ಪಡಿಸಿ ತೂಕ ಹೇಳುವ ಯಂತ್ರ ಅದು. ಆವಿಯಾಗುವ ರೂಪ ಎಂದರೆ ಎರಡು ಬಗೆ. ಆಲ್ಡಿಟಾಲ್ ಅಸಿಟೇಟ್ ಮಾಡಿದರೆ ಚಿತ್ರ ಸರಳ, ಆದರೆ ಪೆಕ್ಟಿನ್‌ನಲ್ಲಿರುವ ಗ್ಯಾಲಕ್ಟುರೋನಿಕ್ ಆಮ್ಲದಂಥವು ಕಾಣುವುದೇ ಇಲ್ಲ. ಟಿಎಂಎಸ್ ಎಂಬ ಎರಡನೆಯ ವಿಧಾನದಲ್ಲಿ ಅವೂ ಕಾಣುತ್ತವೆ, ಆದರೆ ಒಂದೊಂದು ಸಕ್ಕರೆಗೂ ಯಂತ್ರದ ನಕ್ಷೆಯಲ್ಲಿ ನಾಲ್ಕಾರು ಶಿಖರ ಬಂದು ಹೊಸಬರಿಗೆ ತಲೆ ತಿರುಗುತ್ತದೆ. ಫ್ರಕ್ಟೋಸ್ ಇದ್ದರಂತೂ ಹುಷಾರು. ಅದು ಬಿಸಿ ಆಮ್ಲದಲ್ಲಿ ಬಹುಪಾಲು ಹಾಳಾಗುತ್ತದೆ, ಉಳಿದದ್ದು ಆಲ್ಡಿಟಾಲ್ ಆಗುವಾಗ ಎರಡಾಗಿ ಸೀಳಿ ಮ್ಯಾನೋಸ್ ಮತ್ತು ಗ್ಲೂಕೋಸ್‌ನ ವೇಷದಲ್ಲಿ ನಿಲ್ಲುತ್ತದೆ. ಸೆಲ್ಯುಲೋಸ್ ಇನ್ನೊಂದು ಬಗೆಯ ಮೋಸ. ಸಾಮಾನ್ಯವಾಗಿ ಬಳಸುವ ಟಿಎಫ್‌ಎ ಆಮ್ಲಕ್ಕೆ ಅದರ ಗಟ್ಟಿ ಹರಳು ಬಗ್ಗುವುದಿಲ್ಲ. 72 ಶೇಕಡಾ ಗಂಧಕಾಮ್ಲದಿಂದ ಶುರು ಮಾಡಬೇಕು. ಕೋಶಗೋಡೆಯ ಸ್ಯಾಂಪಲ್‌ನಲ್ಲಿ ‘ಗ್ಲೂಕೋಸ್ ತುಂಬ ಕಡಿಮೆ’ ಎಂದು ಬರೆಯುವ ಮುನ್ನ ಯಾವ ಆಮ್ಲ ಹಾಕಿದ್ದೆ ಎಂದು ಒಮ್ಮೆ ನೆನಪಿಸಿಕೊಳ್ಳಿ.

ಕೊಂಡಿ ವಿಶ್ಲೇಷಣೆ: ಯಾವ ಸಕ್ಕರೆ ಎಲ್ಲೆಲ್ಲಿ ಜೋಡಣೆಯಾಗಿದೆ ಎನ್ನುವುದು. ಕೈ ಕೈ ಹಿಡಿದು ಸಾಲಾಗಿ ನಿಂತ ಮಕ್ಕಳನ್ನು ನೆನೆಯಿರಿ. ಖಾಲಿ ಇರುವ ಕೈಗಳಿಗೆಲ್ಲ ಬಣ್ಣ ಬಳಿದು, ಆಮೇಲೆ ಸಾಲು ಬಿಡಿಸಿದರೆ, ಬಣ್ಣವಿಲ್ಲದ ಕೈಯೇ ಹಿಡಿದಿದ್ದ ಕೈ. ಇಲ್ಲಿ ಬಣ್ಣ ಎಂದರೆ ಮಿಥೈಲ್ ಗುಂಪು, ಬಳಿಯುವ ಕೆಲಸಕ್ಕೆ ಪರ್ಮಿಥೈಲೇಷನ್ ಎಂದು ಹೆಸರು. ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು 1984ರಲ್ಲಿ ಪ್ರಕಟವಾದ, ಡಿಎಂಎಸ್‌ಒ ದ್ರಾವಕದಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಬಳಸುವ ಕ್ರಮ. ಅದರ ಶತ್ರು ನೀರು. ಒಂದಿಷ್ಟು ತೇವ ಉಳಿದರೂ ಬಣ್ಣ ಅರೆಬರೆ ಹತ್ತಿ, ಇಲ್ಲದ ಕವಲುಗಳು ಇದ್ದಂತೆ ಕಾಣುತ್ತವೆ. ಮಿಥೈಲ್ ಗುಂಪನ್ನು ಕೊಡುವ ಮಿಥೈಲ್ ಅಯೋಡೈಡ್ ವಿಷಕಾರಿ, ಹೊಗೆಗೂಡಿನ (ಫ್ಯೂಮ್ ಹುಡ್) ಹೊರಗೆ ಮುಚ್ಚಳ ತೆರೆಯಬೇಡಿ. ನೆನಪಿಡಬೇಕಾದ್ದು: ಈ ವಿಧಾನ ಆಲ್ಫಾ-ಬೀಟಾ ಹೇಳುವುದಿಲ್ಲ, ಸಕ್ಕರೆಗಳ ಅನುಕ್ರಮವನ್ನೂ ಹೇಳುವುದಿಲ್ಲ.

ಎನ್‌ಎಂಆರ್: ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಪರಮಾಣುಗಳ ಸಂಕೇತ ಓದುವ ವಿಧಾನ. ಆಲ್ಫಾ-ಬೀಟಾ ಕೇಳಬೇಕಾದ್ದು ಇದನ್ನೇ. 4.4ರಿಂದ 5.5 ಪಿಪಿಎಂ ನಡುವಿನ ಪ್ರದೇಶ ನೋಡಿ. ಗ್ಲೂಕೋಸ್, ಗ್ಯಾಲಕ್ಟೋಸ್‌ಗಳಲ್ಲಿ ಅಲ್ಲಿನ ಸಂಕೇತ 7–8 ಹರ್ಟ್ಸ್‌ನಷ್ಟು ಸೀಳಿದ್ದರೆ ಬೀಟಾ, 3–4 ಆದರೆ ಆಲ್ಫಾ. ಮ್ಯಾನೋಸ್‌ಗೆ ಈ ಅಳತೆಗೋಲು ನಡೆಯದು. ಎನ್‌ಎಂಆರ್‌ಗೆ ಸ್ಯಾಂಪಲ್ ಹೆಚ್ಚು ಬೇಕು, ಕೆಲವು ಮಿಲಿಗ್ರಾಂ ಇದ್ದರೆ ನಿರಾಳ. ಆದರೆ ಅಳತೆಯಾದ ಮೇಲೆ ಸ್ಯಾಂಪಲ್ ನಿಮಗೆ ವಾಪಸ್ ಸಿಗುತ್ತದೆ. ಹಾಗಾಗಿ ಇದ್ದದ್ದು ಸ್ವಲ್ಪವೇ ಆದರೆ ಇದನ್ನು ಮೊದಲು ಮಾಡಿ, ಸುಟ್ಟು ಮುರಿಯುವ ವಿಧಾನಗಳು ಆಮೇಲೆ. 2008ರ ಹೊತ್ತಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದಿನಲ್ಲಿ ಕಲಬೆರಕೆ ಸಿಕ್ಕಿದಾಗ, ಅದು ಅತಿಯಾಗಿ ಗಂಧಕೀಕರಿಸಿದ ಕಾಂಡ್ರಾಯ್ಟಿನ್ ಸಲ್ಫೇಟ್ ಎಂದು ಗುರುತು ಹಿಡಿಯುವಲ್ಲಿ ಎನ್‌ಎಂಆರ್‌ನದು ಮುಖ್ಯ ಪಾತ್ರ.

ಮಾಸ್ ಸ್ಪೆಕ್ಟ್ರೋಮೆಟ್ರಿ: ಅಣುಗಳ ತೂಕ ಅಳೆಯುವ ವಿಧಾನ, ಪ್ರೋಟೀನ್ ಮೇಲಿನ ಗ್ಲೈಕನ್‌ಗಳಿಗೆ. ಪಿಎನ್‌ಜೇಸ್-ಎಫ್ ಎಂಬ ಕಿಣ್ವ ಎನ್-ಗ್ಲೈಕನ್‌ಗಳನ್ನು, ಅಂದರೆ ಪ್ರೋಟೀನ್‌ನ ಆಸ್ಪರಜೀನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿದವನ್ನು, ಕತ್ತರಿಸಿ ಕೊಡುತ್ತದೆ. ಸಸ್ಯ ಅಥವಾ ಕೀಟದ ಪ್ರೋಟೀನ್‌ನವರು ಇಲ್ಲಿ ಎಡವುತ್ತಾರೆ. ಅವುಗಳ ಬುಡದಲ್ಲಿ ಆಲ್ಫಾ-1,3 ಫ್ಯುಕೋಸ್ ಇದ್ದರೆ ಈ ಕಿಣ್ವ ಕೈಯೆತ್ತುತ್ತದೆ, ಪಿಎನ್‌ಜೇಸ್-ಎ ಬೇಕು. ಸೆರೀನ್, ಥ್ರಿಯೋನಿನ್ ಎಂಬ ಅಮೈನೋ ಆಮ್ಲಗಳಿಗೆ ಅಂಟಿದ ಓ-ಗ್ಲೈಕನ್‌ಗಳಿಗಂತೂ ಎಲ್ಲವನ್ನೂ ಬಿಡಿಸುವ ಕಿಣ್ವವೇ ಇಲ್ಲ, ರಾಸಾಯನಿಕವಾಗಿ ಬಿಡಿಸಬೇಕು.

ಸಸ್ಯದವರಿಗೆ ಇನ್ನೊಂದು ಅನುಕೂಲವಿದೆ. ಕೋಶಗೋಡೆಯ ಒಂದೊಂದು ಸಕ್ಕರೆ ವಿನ್ಯಾಸವನ್ನು ಗುರುತಿಸುವ ಪ್ರತಿಕಾಯಗಳ ದೊಡ್ಡ ಸಂಗ್ರಹವೇ ಈ ಕೇಂದ್ರದಲ್ಲಿ ತಯಾರಾಗಿದೆ. ಸಿಸಿಆರ್‌ಸಿ-ಎಂ1 ಎಂಬುದು ಫ್ಯುಕೋಸ್ ಇರುವ ಜೈಲೋಗ್ಲೂಕನ್ ಎಂಬ ಕೋಶಗೋಡೆಯ ಸರಪಳಿಯನ್ನು ಹಿಡಿಯುತ್ತದೆ. ಅಂಗಾಂಶದ ಯಾವ ಜಾಗದಲ್ಲಿ ಎಂಬುದೇ ನಿಮ್ಮ ಪ್ರಶ್ನೆಯಾಗಿದ್ದರೆ ಯಂತ್ರಕ್ಕಿಂತ ಇದೇ ಮೇಲು.

4. ಸ್ಯಾಂಪಲ್: ಕೆಲಸ ಕೆಡುವುದೇ ಇಲ್ಲಿ

ಯಂತ್ರ ಕೆಟ್ಟು ಫಲಿತಾಂಶ ಹಾಳಾಗುವುದು ಅಪರೂಪ. ಹಾಳಾಗುವುದು ನಿಮ್ಮ ಬೆಂಚ್ ಮೇಲೆ, ಕಳಿಸುವ ತಿಂಗಳ ಮುಂಚೆ.

ದೊಡ್ಡ ಕಳ್ಳ ಗ್ಲೂಕೋಸ್. ಸ್ಯಾಂಪಲ್‌ನ ಉಪ್ಪು ತೆಗೆಯುವ ಡಯಾಲಿಸಿಸ್ ಕೊಳವೆ ಸೆಲ್ಯುಲೋಸ್‌ನದು, ಶೋಧಕ ಕಾಗದ ಸೆಲ್ಯುಲೋಸ್‌ನದು, ಒರೆಸುವ ಟಿಶ್ಯೂ ಕೂಡ ಅದೇ. ಅಣುಗಳನ್ನು ಬೇರ್ಪಡಿಸುವ ಸೆಫಾಡೆಕ್ಸ್ ಕಾಲಂ ಡೆಕ್ಸ್‌ಟ್ರಾನ್ ಎಂಬ ಗ್ಲೂಕೋಸ್ ಸರಪಳಿಯಿಂದ ಆದದ್ದು. ಎಲ್ಲವೂ ಮುರಿದರೆ ಗ್ಲೂಕೋಸ್. ನಾನೇ ಒಮ್ಮೆ ಎರಡು ವಾರ ಸಂಭ್ರಮಪಟ್ಟ ‘ಹೊಸ ಗ್ಲೂಕನ್’ (ಗ್ಲೂಕೋಸ್ ಸರಪಳಿ) ಕೊನೆಗೆ ತೊಳೆಯದ ಡಯಾಲಿಸಿಸ್ ಕೊಳವೆಯಿಂದ ಇಳಿದದ್ದಾಗಿತ್ತು. ಕೊಳವೆಯನ್ನು ಚೆನ್ನಾಗಿ ತೊಳೆಯಿರಿ. ಸ್ಯಾಂಪಲ್ ಹಾಕದೆ ಬರೀ ನೀರಿನೊಂದಿಗೆ ಎಲ್ಲ ಹಂತಗಳನ್ನೂ ದಾಟಿಸಿದ ಒಂದು ‘ಖಾಲಿ’ ಸ್ಯಾಂಪಲ್ ಜೊತೆಗಿರಲಿ. ಆ ಒಂದು ಖಾಲಿ ಸೀಸೆ ಮಾಡುವ ಉಪಕಾರವನ್ನು ಯಾವ ದುಬಾರಿ ಯಂತ್ರವೂ ಮಾಡುವುದಿಲ್ಲ.

ಸಸ್ಯದ ಅಂಗಾಂಶವಾದರೆ ಪಿಷ್ಟವನ್ನು ಮೊದಲೇ ಅಮೈಲೇಸ್ ಕಿಣ್ವದಿಂದ ಕಳೆಯಿರಿ. ಇಲ್ಲವಾದರೆ ಅದೂ ಗ್ಲೂಕೋಸ್ ಆಗಿ ಬಂದು ಎಲ್ಲ ಶೇಕಡಾವಾರನ್ನೂ ನುಂಗುತ್ತದೆ. ಪ್ರೋಟೀನ್‌ನವರು ತಮ್ಮ ಬಫರ್ ನೋಡಿಕೊಳ್ಳಲಿ. ಸುಕ್ರೋಸ್, ಟ್ರೆಹಲೋಸ್, ಗ್ಲಿಸರಾಲ್ ಹಾಕಿ ಕಾಪಾಡಿದ ಪ್ರೋಟೀನ್‌ನಲ್ಲಿ ಸಕ್ಕರೆ ಅಳೆಯಿರಿ ಎಂದರೆ ಯಾರಾದರೂ ಏನು ಮಾಡಿಯಾರು? ಡಿಟರ್ಜೆಂಟ್‌ಗಳದ್ದೂ ಇದೇ ಕಥೆ. ಮಾಸ್ ಸ್ಪೆಕ್ಟ್ರಂನಲ್ಲಿ ಶಿಖರಗಳು 44ರ ಅಂತರದಲ್ಲಿ ಮೆಟ್ಟಿಲಿಟ್ಟಂತೆ ಸಾಲಾಗಿ ಬಂದರೆ ಅದು ಪಾಲಿಎಥಿಲೀನ್ ಗ್ಲೈಕಾಲ್, ಗ್ಲೈಕನ್ ಅಲ್ಲ. ಹೆಕ್ಸೋಸ್ (ಗ್ಲೂಕೋಸ್, ಮ್ಯಾನೋಸ್‌ನಂಥ ಆರು ಇಂಗಾಲದ ಸಕ್ಕರೆ) ಸರಪಳಿಯ ಮೆಟ್ಟಿಲು 162.

ಉಪ್ಪು ತೆಗೆದು, ಫ್ರೀಜ್ ಡ್ರೈ ಮಾಡಿ, ಒಣ ಪುಡಿಯಾಗಿ ಕೊಂಡೊಯ್ಯಿರಿ ಅಥವಾ ಕಳಿಸಿ. ಕೊಂಡಿ ವಿಶ್ಲೇಷಣೆಗೆ ಒಂದು ಮಿಲಿಗ್ರಾಂ ಆಸುಪಾಸು, ಸಂಯೋಜನೆಗೆ ಅದಕ್ಕಿಂತ ಕಡಿಮೆ ಸಾಕು. ಹೊರಡುವ ಮೊದಲು ಫೀನಾಲ್-ಗಂಧಕಾಮ್ಲ ಪರೀಕ್ಷೆ ಮಾಡಿ. 1956ರಿಂದ ಬಳಕೆಯಲ್ಲಿರುವ ಸುಲಭ ವಿಧಾನ, 490 ನ್ಯಾನೋಮೀಟರ್‌ನಲ್ಲಿ ಬಣ್ಣ ಓದಿದರೆ ಒಟ್ಟು ಸಕ್ಕರೆ ಎಷ್ಟೆಂದು ತಿಳಿಯುತ್ತದೆ. ಹತ್ತು ಮಿಲಿಗ್ರಾಂ ಪುಡಿಯಲ್ಲಿ ಸಕ್ಕರೆ ಅರ್ಧ ಮಿಲಿಗ್ರಾಂ ಮಾತ್ರ ಎಂದು ಅಥೆನ್ಸ್‌ನಲ್ಲಿ ತಿಳಿಯುವುದಕ್ಕಿಂತ ಊರಲ್ಲೇ ತಿಳಿಯುವುದು ಒಳ್ಳೆಯದು. ಸಾಂದ್ರ ಗಂಧಕಾಮ್ಲದ ಕೆಲಸ, ಕನ್ನಡಕ ಮತ್ತು ಕೈಗವಸು ಮರೆಯಬೇಡಿ.

ಇನ್ನೊಂದು ಮಾತು ಸಿಯಾಲಿಕ್ ಆಮ್ಲದ ಬಗ್ಗೆ. ಪ್ರಾಣಿ ಗ್ಲೈಕನ್‌ಗಳ ತುದಿಯಲ್ಲಿ ಕೂರುವ ಈ ಸಕ್ಕರೆ ಸ್ವಲ್ಪ ಆಮ್ಲ, ಸ್ವಲ್ಪ ಬಿಸಿ ತಾಗಿದರೂ ಉದುರಿಹೋಗುತ್ತದೆ. ಅದೇ ನಿಮ್ಮ ಗುರಿಯಾಗಿದ್ದರೆ ಶುದ್ಧೀಕರಣದ ಉದ್ದಕ್ಕೂ ಆಮ್ಲದಿಂದ ದೂರವಿಡಿ.

5. ಮನೆಪಾಠ

ಎರಡೇ ಎರಡು. ಮೊದಲನೆಯದು ಒಂದೊಂದು ಸಕ್ಕರೆಗೂ ಒಂದು ಆಕಾರ, ಬಣ್ಣ ಕೊಡುವ ಎಸ್‌ಎನ್‌ಎಫ್‌ಜಿ ಎಂಬ ಚಿಹ್ನೆಗಳ ವ್ಯವಸ್ಥೆ. ಗ್ಲೂಕೋಸ್ ನೀಲಿ ವೃತ್ತ, ಮ್ಯಾನೋಸ್ ಹಸಿರು ವೃತ್ತ, ಗ್ಯಾಲಕ್ಟೋಸ್ ಹಳದಿ ವೃತ್ತ, ಎನ್-ಅಸಿಟೈಲ್ ಗ್ಲೂಕೋಸಮೈನ್ ನೀಲಿ ಚೌಕ, ಫ್ಯುಕೋಸ್ ಕೆಂಪು ತ್ರಿಕೋನ, ಮನುಷ್ಯರಲ್ಲಿ ಕಾಣುವ ಸಿಯಾಲಿಕ್ ಆಮ್ಲ ನೇರಳೆ ವಜ್ರಾಕೃತಿ, ಜೈಲೋಸ್ ಕಿತ್ತಳೆ ನಕ್ಷತ್ರ. ಪಾಠಗಳೆಲ್ಲ ಈ ಚಿತ್ರಗಳಲ್ಲೇ ನಡೆಯುವುದರಿಂದ ಬಾಯಿಪಾಠವಾಗಿರಲಿ.

ಎರಡನೆಯದು ತೂಕದ ಲೆಕ್ಕ. ಸರಪಳಿಯೊಳಗಿನ ಹೆಕ್ಸೋಸ್ 162.05, ಎನ್-ಅಸಿಟೈಲ್ ಹೆಕ್ಸೋಸಮೈನ್ 203.08, ಫ್ಯುಕೋಸ್ 146.06, ಸಿಯಾಲಿಕ್ ಆಮ್ಲ 291.10. ಒಂದನ್ನು ಮಾಡಿ ನೋಡೋಣ: ಐದು ಮ್ಯಾನೋಸ್, ಎರಡು ಎನ್-ಅಸಿಟೈಲ್ ಗ್ಲೂಕೋಸಮೈನ್. 810.25ಕ್ಕೆ 406.16 ಕೂಡಿಸಿ, ನೀರಿನ 18.01, ಅಂಟಿಕೊಳ್ಳುವ ಸೋಡಿಯಂನ 22.99 ಸೇರಿಸಿ. 1257.4 ಬಂತೆ? ಅದನ್ನೇ ಪರ್ಮಿಥೈಲ್ ಮಾಡಿದರೆ 1579.8 ಆಗುತ್ತದೆ. ಹೇಗೆ ಎಂದು ನೀವೇ ಲೆಕ್ಕ ಹಾಕಿ, ಪ್ರತಿ ಹೆಕ್ಸೋಸ್ 204.10, ಪ್ರತಿ ಎನ್-ಅಸಿಟೈಲ್ ಹೆಕ್ಸೋಸಮೈನ್ 245.13, ಎರಡು ತುದಿಗಳಿಗೆ ಒಟ್ಟು 46.04, ಮೇಲೆ ಸೋಡಿಯಂ. ಇಲ್ಲಿ ಎರಡು ಹಳ್ಳಗಳಿವೆ. ಮ್ಯಾನೋಸ್, ಗ್ಲೂಕೋಸ್, ಗ್ಯಾಲಕ್ಟೋಸ್ ಮೂರಕ್ಕೂ ಒಂದೇ ತೂಕ, ತೂಕ ನೋಡಿ ಹೆಸರಿಡಬೇಡಿ. ಎರಡು ಫ್ಯುಕೋಸ್ ಸೇರಿದರೆ 292.12, ಒಂದು ಸಿಯಾಲಿಕ್ ಆಮ್ಲಕ್ಕಿಂತ ಒಂದೇ ಒಂದು ಹೆಚ್ಚು. ತಪ್ಪು ಶಿಖರ ಆರಿಸಿದರೆ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ.

ಗ್ಲೈಜೆನ್ ಎಂಬ ಉಚಿತ ದತ್ತಸಂಚಯವನ್ನು ಈ ಕೇಂದ್ರವೂ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯವೂ ಸೇರಿ ನಡೆಸುತ್ತವೆ. ನಿಮ್ಮ ಪ್ರೋಟೀನ್ ಬಗ್ಗೆ ಆಗಲೇ ಏನು ತಿಳಿದಿದೆ ಎಂದು ಅಲ್ಲಿ ಹುಡುಕಿ ನೋಡಿಯೇ ಹೊರಡಿ.

6. ಕಾಗದಪತ್ರ

ಕೋರ್ಸ್ ಕೆಲವು ದಿನದ್ದು, ವೀಸಾ ಕಾಯುವಿಕೆ ಕೆಲವೊಮ್ಮೆ ತಿಂಗಳುಗಟ್ಟಲೆ. ಸೀಟುಗಳೂ ಸೀಮಿತ. ಪ್ರಕಟಣೆ ಬಂದ ಕೂಡಲೇ ನೋಂದಾಯಿಸಿ, ಆಹ್ವಾನ ಪತ್ರ ಕೇಳಿ. ಯಾವ ಬಗೆಯ ವೀಸಾ ಸೂಕ್ತ ಎಂದು ಸ್ನೇಹಿತರನ್ನಲ್ಲ, ವಿಶ್ವವಿದ್ಯಾಲಯವನ್ನೇ ಬರವಣಿಗೆಯಲ್ಲಿ ಕೇಳಿ. ಜೆ-1 (ವಿನಿಮಯ ಸಂದರ್ಶಕರ ವೀಸಾ) ಎಂದರೆ ಅವರು ಕೊಡುವ ಡಿಎಸ್-2019 ಪತ್ರ ಕೈಗೆ ಬರುವವರೆಗೆ ಸಂದರ್ಶನಕ್ಕೆ ಹೋಗಲಾಗದು. ವೀಸಾ ಬರುವ ಮುನ್ನ ಹಣ ವಾಪಸಾಗದ ವಿಮಾನ ಟಿಕೆಟ್ ಬೇಡ. ರದ್ದಾದರೆ ಕೋರ್ಸ್ ಶುಲ್ಕ ಮರಳಿಸುತ್ತಾರೆಯೇ ಎಂಬುದನ್ನೂ ಮೊದಲೇ ಓದಿಕೊಳ್ಳಿ.

ಸ್ಯಾಂಪಲ್ ಅನ್ನು ಬ್ಯಾಗಿನ ಮೂಲೆಯಲ್ಲಿ ತುರುಕಿಕೊಂಡು ಹೋಗುವ ಯೋಚನೆ ಬಿಟ್ಟುಬಿಡಿ. ಸಸ್ಯದ ವಸ್ತುವಿಗೆ ಅಮೆರಿಕದ ಕೃಷಿ ಇಲಾಖೆಯ ಎಫಿಸ್ ವಿಭಾಗದ ಪರವಾನಗಿ ಬೇಕಾಗಬಹುದು, ರೋಗಾಣುವಿನಿಂದ ತೆಗೆದದ್ದಾದರೆ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯದು. ಭಾರತದಿಂದ ಕಳಿಸುವವರಿಗೆ 2002ರ ಜೀವವೈವಿಧ್ಯ ಕಾಯ್ದೆಯೂ ಅನ್ವಯಿಸಬಹುದು, ನಿಮ್ಮ ಸಂಸ್ಥೆಯ ಕಚೇರಿಯಲ್ಲಿ ವಿಚಾರಿಸಿ. ಸ್ಯಾಂಪಲ್ ಏನು, ಎಷ್ಟು, ಅಪಾಯಕಾರಿಯಲ್ಲ ಎಂದು ಲೆಟರ್‌ಹೆಡ್ ಮೇಲೆ ಬರೆದ ಪತ್ರ ಡಬ್ಬಿಯ ಒಳಗೂ ಹೊರಗೂ ಇರಲಿ. ಒಣ ಪುಡಿಯಾದರೆ ಡ್ರೈ ಐಸ್ ಬೇಕಾಗುವುದಿಲ್ಲ. ಬೇಕೇಬೇಕಾದರೆ ಅದಕ್ಕೆ ಯುಎನ್ 1845 ಎಂಬ ಗುರುತು ಹಚ್ಚಬೇಕು, ಸುಂಕದ ಕಟ್ಟೆಯಲ್ಲಿ ಮೂರು ದಿನ ನಿಂತರೆ ಅದು ಆವಿಯಾಗಿರುತ್ತದೆ.

7. ಅಲ್ಲಿ ಇರುವಾಗ

ಅಟ್ಲಾಂಟಾದಿಂದ ಅಥೆನ್ಸ್ ಪೂರ್ವಕ್ಕೆ ಸುಮಾರು 110 ಕಿ.ಮೀ. ಇಳಿದ ದಿನವೇ ಲ್ಯಾಬ್‌ಗೆ ಹೋಗುವಂತೆ ಯೋಜಿಸಬೇಡಿ. ಬೇಸಿಗೆ ಅಲ್ಲೂ ಸೆಕೆ, ಆದರೂ ಲ್ಯಾಬ್‌ಗೆ ಪೂರ್ಣ ಉದ್ದದ ಪ್ಯಾಂಟ್, ಮುಚ್ಚಿದ ಶೂ ಬೇಕು, ಚಪ್ಪಲಿ ನಡೆಯುವುದಿಲ್ಲ.

ಬೋಧಿಸುವವರು ದಿನನಿತ್ಯ ಇದೇ ಕೆಲಸ ಮಾಡುವವರು. ಸ್ಲೈಡ್‌ನಲ್ಲಿರುವುದನ್ನು ಬರೆದುಕೊಳ್ಳುತ್ತ ಕೂರಬೇಡಿ, ಅದು ಹೇಗಿದ್ದರೂ ಸಿಗುತ್ತದೆ. ಡಿಎಂಎಸ್‌ಒ ಹೇಗೆ ಒಣಗಿಸುತ್ತಾರೆ, ಸೀಸೆಯ ಮುಚ್ಚಳ ಯಾವುದು, ಸಾರಜನಕ ಎಷ್ಟು ಜೋರಾಗಿ ಊದುತ್ತಾರೆ, ಯಾವ ಬಣ್ಣ ಬಂದರೆ ನಿಲ್ಲಿಸುತ್ತಾರೆ, ಇಂಥವನ್ನು ಬರೆದುಕೊಳ್ಳಿ. ಪ್ರಕಟವಾದ ಪ್ರಬಂಧಗಳಲ್ಲಿ ಇವು ಇರುವುದಿಲ್ಲ. ಯಾವ ಹಂತದಲ್ಲಿ ನಿಮ್ಮ ಕೈ ತಪ್ಪಿತೋ ಅಲ್ಲಿ ನಾಚಿಕೆ ಬಿಟ್ಟು ಮತ್ತೆ ಮಾಡಿಸಿಕೊಳ್ಳಿ.

ನಿಮ್ಮ ಸ್ಯಾಂಪಲ್‌ಗೂ ಜಾಗವಿದೆಯೇ ಎಂದು ನೋಂದಾಯಿಸುವಾಗಲೇ ಕೇಳಿರಬೇಕು, ಅಲ್ಲಿ ಹೋಗಿ ಚೀಲದಿಂದ ತೆಗೆದರೆ ಯಾರಿಗೂ ಪುರುಸೊತ್ತಿರುವುದಿಲ್ಲ.

8. ಮರಳಿದ ಮೇಲೆ

ಒಂದು ತಿಂಗಳೊಳಗೆ ಮತ್ತೆ ಮಾಡದಿದ್ದರೆ ಕೈ ಮರೆಯುತ್ತದೆ. ಮೊದಲ ಸಲ ನಿಮ್ಮ ಅಮೂಲ್ಯ ಸ್ಯಾಂಪಲ್ ಮುಟ್ಟಬೇಡಿ. ರಚನೆ ಗೊತ್ತಿರುವ ಅಗ್ಗದ ಡೆಕ್ಸ್‌ಟ್ರಾನ್‌ನಿಂದ ಶುರು ಮಾಡಿ. ಕೊಂಡಿ ವಿಶ್ಲೇಷಣೆಯಲ್ಲಿ ಬಹುಪಾಲು 6ನೇ ಸ್ಥಾನದಲ್ಲಿ ಜೋಡಣೆಯಾದ ಗ್ಲೂಕೋಸ್ ಬರಬೇಕು, ಜೊತೆಗೆ ತುದಿಯ ಗ್ಲೂಕೋಸ್ ಮತ್ತು ಕೆಲವು ಕವಲು. ಕವಲುಗಳ ಲೆಕ್ಕ ತುದಿಗಳ ಲೆಕ್ಕಕ್ಕೆ ಹೆಚ್ಚುಕಡಿಮೆ ಸಮನಾಗಿರಬೇಕು, ಏಕೆಂದರೆ ಪ್ರತಿ ಕವಲಿಗೂ ಒಂದು ತುದಿ ಇರಲೇಬೇಕು. ಕವಲೇ ಹೆಚ್ಚಾಗಿ ಕಂಡರೆ ಮಿಥೈಲ್ ಸರಿಯಾಗಿ ಹತ್ತಿಲ್ಲ, ಡಿಎಂಎಸ್‌ಒ ಸೀಸೆಯಲ್ಲಿ ನೀರಿದೆ. ಹೊಸ ಸೀಸೆ ತೆರೆದು ಮತ್ತೊಮ್ಮೆ ಮಾಡಿ.